ಕೊರಾಬರಿ ಕಪ್ಪೆಯ ಅನ್ನವೂ ಆಪತ್ತೂ

ಕಪ್ಪೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹಸುರು ಇಲ್ಲವೆ ಮಣ್ಣಿನ ಬಣ್ಣದ ಪ್ರಾಣಿ. ಆದರೆ ಆಸ್ಟ್ರೇಲಿಯದ ದಕ್ಷಿಣ ಕೊರಾಬರಿ ಕಪ್ಪೆಯ ಮೈತುಂಬ ಕಪ್ಪು ಹಳದಿ ಪಟ್ಟೆಗಳು. ಸುಮಾರು 3 ಸೆಂಟಿಮೀಟರ್ ಉದ್ದದ ಈ ಜೀವಿಯ ಸಹಜ ನೆಲೆಯಿರುವುದು ನ್ಯೂ ಸೌತ್ ವೇಲ್ಸ್ ರಾಜ್ಯದ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ. ಅದೂ 1,300 ಮೀಟರಿಗೂ ಎತ್ತರದ ಜೌಗು ಪ್ರದೇಶದಲ್ಲಿ.

ಇದರ ಮುಖ್ಯ ಆಹಾರ ಇರುವೆ. ಗೊದಮೊಟ್ಟೆಗಳಾದರೋ ಕೊಳದ ಪಾಚಿಯನ್ನು ತಿಂದು ಬೆಳೆಯುತ್ತವೆ. ತಿಂದ ಇರುವೆಗಳಿಂದಲೇ ಚರ್ಮದ ವಿಷವನ್ನು ಸಂಪಾದಿಸುವ ಕಪ್ಪೆಗಳುಂಟು. ಕೊರಾಬರಿಯು ಒಂದು ಬಗೆಯ ವಿಷವನ್ನು ತಾನೇ ತಯಾರಿಸಬಲ್ಲದು. ಮೈಯ ಪಟ್ಟೆಗಳು ಶತ್ರುಗಳಿಗೆ ಅದರ ಎಚ್ಚರಿಕೆ.

ಆದರೆ ಕೈಟ್ರಿಡ್ ಎಂಬ ಶಿಲೀಂಧ್ರದೆದುರು ಈ ವಿಷವು ನಿಷ್ಫಲವಾಯಿತು. ಅದು ಚರ್ಮವನ್ನು ಹೊಕ್ಕು, ದೇಹದ ಲವಣಗಳ ಸಮತೋಲವನ್ನು ಕೆಡಿಸಿ, ಕೊನೆಗೆ ಹೃದಯವನ್ನೇ ನಿಲ್ಲಿಸುತ್ತದೆ. ಅದೇ ಜೌಗಿನ ಬೇರೊಂದು ಜಾತಿಯ ಕಪ್ಪೆ ಸೋಂಕನ್ನು ಹೊತ್ತೂ ಬದುಕಿರುವುದರಿಂದ ರೋಗವು ಅಲ್ಲಿಂದ ತೊಲಗುವುದಿಲ್ಲ. ಸಾಲದುದಕ್ಕೆ 2019–20ರ ಕಾಳ್ಗಿಚ್ಚು ಇದರ ನೆಲೆಗಳನ್ನು ಸುಟ್ಟಿತು. ಮೃಗಾಲಯಗಳಲ್ಲಿ ಸಾಕಿದ ಕಪ್ಪೆಗಳಿಗಾಗಿ ಬೆಟ್ಟದ ಮೇಲೆಯೇ ರೋಗರಹಿತ ಆವರಣಗಳನ್ನು ನಿರ್ಮಿಸಲಾಗಿದೆ.

ಅನ್ನವಿದ್ದೂ ನೆಲೆಯಿದ್ದೂ ಒಂದು ಜೀವಿ ಅಳಿವಿನಂಚಿಗೆ ಸರಿಯಬಹುದೆಂಬುದನ್ನು ನಾವು ಈ ಪುಟ್ಟ ಕಪ್ಪೆಯಿಂದ ಕಲಿಯಬೇಕಾಗಿದೆ.