ದಾಸವಾಳದ ಪರಾಗವೂ ಜೇನುನೊಣದ ಆಹಾರವೂ

ದಾಸವಾಳವು ಮಲೆನಾಡಿನ ಮನೆಯಂಗಳಗಳಲ್ಲಿಯೂ ತೋಟದ ಬೇಲಿಗಳಲ್ಲಿಯೂ ಸರ್ವಸಾಧಾರಣವಾದ ಗಿಡ. ದೇವರ ಪೂಜೆಗಾಗಿ ದಿನವೂ ಇದರ ಹೂವನ್ನು ಕೊಯ್ಯುವವರು ಅನೇಕರಿದ್ದರೂ, ಹೂವಿನ ನಡುವಿನಿಂದ ಹೊರಚಾಚಿದ ಕಂಬದ ಮೇಲಣ ಹಳದಿ ಪುಡಿಯನ್ನು ನಿದಾನಿಸಿ ನೋಡಿದವರು ವಿರಳ. ಈ ಪುಡಿಗೆ ಪರಾಗವೆಂದು ಹೆಸರು. ಇದರ ರಚನೆಯನ್ನು ತಿಳಿಯುವುದರಿಂದ ಜೇನು ಸಾಕುವವರಿಗೂ ಏಲಕ್ಕಿ ಬೆಳೆಯುವವರಿಗೂ ಪ್ರಯೋಜನವುಂಟು.

ಸಸ್ಯಭೇದಕ್ಕೆ ತಕ್ಕಂತೆ ಪರಾಗಕಣದ ಆಕಾರವೂ ಭಿನ್ನವಾಗಿರುವುದನ್ನು 1682ರಲ್ಲಿಯೇ ಇಂಗ್ಲೆಂಡಿನ ವೈದ್ಯ ನೆಹೆಮಿಯಾ ಗ್ರೂ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ದಾಸವಾಳದ ಕಣವು ಗಾತ್ರದಲ್ಲಿ ದೊಡ್ಡದು. ಅದರ ಅಡ್ಡಳತೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ಹೆಚ್ಚು. ಭತ್ತದ ಕಣವು ಸುಮಾರು ಇದರ ಮೂರರಲ್ಲೊಂದು ಪಾಲಷ್ಟೇ. ಕಪ್ಪು ಕಾಗದದ ಮೇಲೆ ಉದುರಿಸಿದರೆ ದಾಸವಾಳದ ಕಣಗಳು ಬರಿಗಣ್ಣಿಗೇ ಬಿಡಿಬಿಡಿಯಾಗಿ ತೋರುವುವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿಯೊಂದು ಕಣವೂ ಗುಂಡಗಿದ್ದು, ಸುತ್ತಲೂ ಮುಳ್ಳುಗಳಿಂದ ಕೂಡಿರುವುದು ಗೋಚರಿಸುತ್ತದೆ. ಮುಳ್ಳುಗಳ ನಡುವೆ ಅಲ್ಲಲ್ಲಿ ಸಣ್ಣ ರಂಧ್ರಗಳಿವೆ. ಅಡಿಕೆಯ ಕಣದಲ್ಲಿ ಮುಳ್ಳುಗಳಿಗೂ ಹಲವು ರಂಧ್ರಗಳಿಗೂ ಬದಲಾಗಿ ಒಂದೇ ಉದ್ದನೆಯ ಸೀಳು ಇರುತ್ತದೆ.

ಕಣಕ್ಕೆ ಎರಡು ಹೊದಿಕೆಗಳುಂಟು. ಹೊರಗಿನದು ಅತಿ ಗಟ್ಟಿ; ಆಮ್ಲಕ್ಕೂ ಕೊಳೆತಕ್ಕೂ ಸುಲಭವಾಗಿ ಬಗ್ಗದು. ಕೆರೆಯ ಕೆಸರಿನಲ್ಲಿ ಸಾವಿರಾರು ವರ್ಷಗಳ ಹಿಂದಿನ ಪರಾಗವು ದೊರೆಯುವುದು ಇದರಿಂದಲೇ. ಒಳಗಿನ ಹೊದಿಕೆ ಮೃದುವಾದುದು. ಕಣವು ಹೆಣ್ಣುಭಾಗದ ತುದಿಗೆ ತಗಲಿದಾಗ, ಒಳಹೊದಿಕೆಯು ರಂಧ್ರದ ಮೂಲಕ ಎಳೆಯಂತೆ ಹೊರಟು ಅಂಡಾಶಯದ ಕಡೆಗೆ ಬೆಳೆಯುತ್ತದೆ. ಮಳೆಯ ನೀರು ತಗಲಿದರೆ ಅನೇಕ ಸಸ್ಯಗಳ ಕಣಗಳು ನೀರನ್ನು ಹೀರಿ ಬಿರಿದುಹೋಗುವುದುಂಟು. ಹೂವಿನ ಕಾಲದ ಮಳೆಯಿಂದ ಫಸಲು ಕುಗ್ಗುವುದಕ್ಕೆ ಇದೂ ಒಂದು ಕಾರಣ.

ದಾಸವಾಳದ ಮುಳ್ಳುಗಳಿಂದ ಒದಗುವ ಪರಿಣಾಮವು ಗಮನಾರ್ಹವಾದುದು. ಜೇನುನೊಣವು ಪರಾಗವನ್ನು ಹಿಂಗಾಲಿನ ಬುಟ್ಟಿಯಲ್ಲಿ ಉಂಡೆಯಾಗಿ ಅಡಕಿ ಗೂಡಿಗೆ ಒಯ್ಯುತ್ತದೆ. ದೊಡ್ಡ ಮುಳ್ಳುಗಳುಳ್ಳ ಕಣಗಳು ಒಂದಕ್ಕೊಂದು ಒತ್ತಿ ಕೂಡುವುದಿಲ್ಲವಾದ್ದರಿಂದ ಉಂಡೆ ಕಟ್ಟುವುದು ಕಷ್ಟ. ಈ ಹೂವಿಗೆ ಸೂರಕ್ಕಿಯಂತಹ ಪಕ್ಷಿಗಳು ಮಕರಂದಕ್ಕಾಗಿ ಬರುವಾಗ ಪರಾಗವು ಅವುಗಳ ಗರಿಗಳಿಗೆ ಅಂಟಿಕೊಳ್ಳುತ್ತದೆ. ಆದರೂ ಅಂಗಳದ ದಾಸವಾಳವು ಸಾಮಾನ್ಯವಾಗಿ ಕಾಯಿ ಕಟ್ಟದಿರುವುದರಿಂದ ಕಡ್ಡಿ ನೆಟ್ಟು ವೃದ್ಧಿಮಾಡುವುದೇ ರೂಢಿ.

ಆದುದರಿಂದ ಬೇಲಿಯ ತುಂಬ ದಾಸವಾಳ ಅರಳಿದ ಮಾತ್ರಕ್ಕೆ ಪೆಟ್ಟಿಗೆಯ ತುಡುವೆ ಜೇನಿಗೆ ಆಹಾರ ಸಮೃದ್ಧಿಯಾಯಿತೆಂದು ಭಾವಿಸಲಾಗದು. ಮರಿಹುಳುಗಳ ಪೋಷಣೆಗೆ ಪರಾಗವೇ ಆಧಾರ. ಸಕ್ಕರೆಯ ಪಾಕವು ದೊಡ್ಡ ನೊಣಗಳನ್ನು ಉಳಿಸಬಲ್ಲುದೇ ಹೊರತು ಪರಾಗಕ್ಕೆ ಬದಲಾಗಲಾರದು. ಪರಾಗವು ತಪ್ಪಿದರೆ ಮರಿಗಳು ಕಡಮೆಯಾಗಿ ಕುಟುಂಬವು ಕ್ಷೀಣಿಸುತ್ತದೆ. ಏಲಕ್ಕಿಯಾದರೋ ಕಾಯಿ ಕಟ್ಟುವುದಕ್ಕೆ ಬಹುಮಟ್ಟಿಗೆ ಜೇನುನೊಣವನ್ನೇ ನಂಬಿರುವ ಬೆಳೆ. ನೊಣಗಳು ಕುಗ್ಗಿದಲ್ಲಿ ಅದರ ನಷ್ಟವು ಬೆಳೆಗಾರನಿಗೇ ತಟ್ಟುವುದು.

ಹೊಳೆಬಾಗಿಲಿನ ಸುತ್ತಣ ಶರಾವತಿ ಕಣಿವೆಯಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ವಿಸ್ತಾರವಾದ ಕಾಡೂ ಗದ್ದೆಗಳೂ ಮುಳುಗಿದುವು. ಇಂತಹ ಸ್ಥಳಗಳಲ್ಲಿ ತೋಟದ ಅಂಚಿನ ಗಿಡಮರಗಳಿಗೆ ಹೆಚ್ಚಿನ ಬೆಲೆಯುಂಟು. ತೆಂಗು, ಅಡಿಕೆ, ನೇರಳೆ ಇವು ಜೇನಿಗೆ ಪರಾಗವನ್ನೊದಗಿಸುವುವು. ಕಳೆಯೆಂದು ತಿರಸ್ಕೃತವಾದ ನಾಚಿಕೆಮುಳ್ಳಿನ ಕಣಗಳು ಅತ್ಯಂತ ಸಣ್ಣವಾಗಿದ್ದು, ನಾಲ್ಕುನಾಲ್ಕು ಒಂದುಗೂಡಿರುತ್ತವೆ. ಅವನ್ನು ನೊಣಗಳು ಧಾರಾಳವಾಗಿ ಕೂಡಿಹಾಕುತ್ತವೆ.

ಜೇನುಪೆಟ್ಟಿಗೆಯನ್ನಿಟ್ಟ ಭೂಮಾಲಿಕರು ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಉಚಿತ. ದಾಸವಾಳದ ಬೇಲಿಯನ್ನು ತೆಗೆಯಬೇಕಾದುದಿಲ್ಲ. ಅದರ ನಡುವೆ ಇತರ ಹೂಗಿಡಗಳನ್ನೂ ಬೆಳೆಸತಕ್ಕದ್ದು. ತೋಟದ ಕಳೆಯನ್ನು ಹೂವಿನ ಕಾಲದಲ್ಲಿ ಒಂದೇ ಬಾರಿಗೆ ಕೊಚ್ಚದೆ, ಭಾಗಭಾಗವಾಗಿ ತೆಗೆಯತಕ್ಕದ್ದು. ಅಡಿಕೆಯ ಸಿಂಗಾರವು ಅರಳಿರುವಾಗ ಕೀಟನಾಶಕವನ್ನು ಸಿಂಪಡಿಸಬಾರದು. ಗೂಡಿಗೆ ಮರಳುವ ನೊಣಗಳ ಕಾಲುಗಳಲ್ಲಿ ಪರಾಗದ ಉಂಡೆಗಳಿವೆಯೇ ಎಂಬುದನ್ನು ಬೆಳಗಿನ ಹೊತ್ತು ಆಗಾಗ್ಗೆ ಪರೀಕ್ಷಿಸುತ್ತಿರಬೇಕು. ಹಲವು ದಿನ ಉಂಡೆಗಳು ಕಾಣದಿದ್ದಲ್ಲಿ ಪೆಟ್ಟಿಗೆಯನ್ನು ತೆರೆದು ಎರಿಯಲ್ಲಿ ಮರಿಗಳ ಸ್ಥಿತಿಯನ್ನು ನೋಡಿ, ಅಗತ್ಯವಿದ್ದರೆ ಹೂವಿರುವ ಸ್ಥಳಕ್ಕೆ ಪೆಟ್ಟಿಗೆಯನ್ನು ಸಾಗಿಸಬೇಕು.