ರಾತ್ರಿ ಬಸ್ಸಿಗೆ ಇನ್ನೂ ಐದು ತಾಸು ಐತಿ: ಬೆಂಗಳೂರಾಗ ನಮ್ಮ ಹೆಣ್ಮಕ್ಕಳು ಸಂಜೀಕ ಎಲ್ಲಿ ಹೋಗ್ಬಹುದು?

ರೋಣ: ಬೆಂಗಳೂರಿಗೆ ಹೋಗಿ ಬಂದ ನಮ್ಮ ಕಡೆ ಹೆಣ್ಮಕ್ಕಳನ್ನ ‘ಏನ್ ನೋಡಿದ್ರಿ?’ ಅಂತ ಕೇಳಿದರೆ ಹೆಚ್ಚಿನವರು ಹೇಳೋದು ಒಂದೇ ಹೆಸರು, ಮೆಜೆಸ್ಟಿಕ್. ಬೆಳಿಗ್ಗೆ ಅಲ್ಲಿ ಇಳಿಯೋದು, ಆಸ್ಪತ್ರೆನೋ ಪರೀಕ್ಷೆನೋ ಕಚೇರಿ ಕೆಲಸನೋ ಮುಗಿಸೋದು, ಮೂರಕ್ಕೋ ನಾಲ್ಕಕ್ಕೋ ಮತ್ತೆ ಅಲ್ಲೇ ಬಂದು ರಾತ್ರಿ ಬಸ್ ಹಚ್ಚೋವರೆಗೂ ಬ್ಯಾಗ್ ಮೇಲೆ ಕೈ ಇಟ್ಟುಕೊಂಡು ಕೂಡೋದು. ಮಧ್ಯದ ಆ ಐದು ತಾಸು ಯಾರ ಲೆಕ್ಕಕ್ಕೂ ಇಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ರೋಣ, ನರಗುಂದ, ಗಜೇಂದ್ರಗಡದಿಂದ ಬೆಂಗಳೂರಿಗೆ ಒಬ್ಬೊಬ್ಬರೇ ಹೋಗುವ ಮಹಿಳೆಯರು ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಗ್ಯಾರ. ಸುಮಾರು ನಾನೂರು ಕಿಲೋಮೀಟರ್ ದಾರಿ ಫ್ರೀ ಆಯ್ತು. ಆದರೆ ಅಲ್ಲಿಗೆ ಹೋದ ಮೇಲೆ ಸಂಜೆ ಹೊತ್ತು ಹೊರಗೆ ಕಾಲಿಡೋ ಧೈರ್ಯವನ್ನ ಯಾವ ಯೋಜನೆಯೂ ಕೊಡಲ್ಲ. ಮನೆಯಿಂದ ಹೊರಡುವಾಗಲೇ ‘ಎಲ್ಲೂ ಅಡ್ಡಾಡಬ್ಯಾಡ, ಬಸ್‌ಸ್ಟ್ಯಾಂಡ್ ಬಿಟ್ಟು ಅಲಗಾಡಬ್ಯಾಡ’ ಅಂತ ಹೇಳಿ ಕಳಿಸಿರ್ತಾರೆ.

ನಾನೂ ಹಾಗೆ ಕೂತವಳೇ. ಅವ್ವನನ್ನ ಚೆಕಪ್‌ಗೆ ಕರ್ಕೊಂಡು ಹೋದ ಮೊದಲ ಸಲ ಮೂರು ಗಂಟೆಗೇ ಕೆಲಸ ಮುಗೀತು, ಬಸ್ ಇದ್ದದ್ದು ರಾತ್ರಿ ಒಂಬತ್ತೂವರೆಗೆ. ಆರೂವರೆ ತಾಸು ಒಂದೇ ಕಲ್ಲು ಬೆಂಚು. ಕತ್ತಲಾದಂಗ ಯಾರ್ಯಾರೋ ಬಂದು ‘ರೂಮ್ ಬೇಕಾ ಮೇಡಂ’ ಅಂತ ಕೇಳೋದು, ಪಕ್ಕದಲ್ಲಿ ಬಂದು ಕೂಡೋದು. ಸುರಕ್ಷಿತ ಅಂತ ನಾವು ಆರಿಸಿಕೊಂಡ ಜಾಗವೇ ಎಲ್ಲಕ್ಕಿಂತ ಕಿರಿಕಿರಿ ಅನಿಸ್ತು. ಆಮೇಲೆ ಮೂರ್ನಾಲ್ಕು ಸಲ ಹೋದಾಗ ಬೇರೆ ಬೇರೆ ಕಡೆ ಹೋಗಿ ನೋಡಿದ್ವಿ. ಅದರಿಂದ ಗೊತ್ತಾದದ್ದನ್ನೇ ಇಲ್ಲಿ ಬರೆದೀನಿ.

ಮೊದಲು ಮಾಡೋ ಕೆಲಸ, ಬ್ಯಾಗ್ ಇಳಿಸೋದು. ಮೆಜೆಸ್ಟಿಕ್‌ನಲ್ಲಿ ಲಗೇಜ್ ಇಡುವ ಕ್ಲೋಕ್ ರೂಮ್ ಇದೆ. ರಸೀದಿ ತಗೊಳ್ಳಿ, ಎಷ್ಟು ಗಂಟೆಗೆ ಮುಚ್ಚುತ್ತಾರೆ ಅಂತ ಕೇಳ್ಕೊಳ್ಳಿ. ಬಂಗಾರ, ದುಡ್ಡು, ಆಸ್ಪತ್ರೆ ಫೈಲು, ಆಧಾರ್ ಕಾರ್ಡು ಮಾತ್ರ ಜೊತೆಗೇ ಇರಲಿ. ಕೈ ಖಾಲಿ ಆದರೆ ಅರ್ಧ ಭಯ ಅಲ್ಲೇ ಹೋಗ್ತದೆ.

ಆಮೇಲೆ ಮೆಟ್ರೋ. ಮೆಜೆಸ್ಟಿಕ್ ಸ್ಟೇಷನ್ನು ನೇರಳೆ ಮತ್ತು ಹಸಿರು, ಎರಡೂ ಮಾರ್ಗ ಕೂಡುವ ಜಾಗ. ಇಲ್ಲಿ ಶಕ್ತಿ ನಡೆಯಲ್ಲ, ಟಿಕೆಟ್ ತಗೀಬೇಕು. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ ಮಾಡಿದರು. ನಾವು ಹೋಗೋ ಹತ್ತಿರದ ಜಾಗಗಳಿಗೆ ಅಷ್ಟೇನೂ ಆಗಲ್ಲ. ಮೊದಲ ಬೋಗಿ ಮಹಿಳೆಯರಿಗೆ. ಸ್ಟೇಷನ್ ತುಂಬ ಬೆಳಕು, ಸಿಸಿಟಿವಿ, ಸೆಕ್ಯೂರಿಟಿ ಇರ್ತಾರೆ, ಬೋರ್ಡು ಕನ್ನಡದಲ್ಲೇ ಇರ್ತವೆ. ಮುಖ್ಯ ವಿಷಯ ಅಂದ್ರೆ ಶೌಚಾಲಯವೂ ಇರ್ತದೆ. ಹೆಣ್ಮಕ್ಕಳು ಊರು ಸುತ್ತೋಕೆ ಹಿಂಜರಿಯೋದಕ್ಕೆ ಇದೂ ಒಂದು ಕಾರಣ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಆಸ್ಪತ್ರೆ ಓಡಾಟದಿಂದ ಸುಸ್ತಾಗಿದ್ದರೆ ಕಬ್ಬನ್ ಪಾರ್ಕ್. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ಮೂರನೇ ಸ್ಟೇಷನ್, ಹೆಸರೇ ಕಬ್ಬನ್ ಪಾರ್ಕ್. 1870ರಲ್ಲಿ ಮಾಡಿದ ಪಾರ್ಕು, ಒಳಗೆ ಹೋಗೋಕೆ ದುಡ್ಡಿಲ್ಲ. ಬಿದಿರು ಮೆಳೆ, ದೊಡ್ಡ ದೊಡ್ಡ ಗಿಡ, ಕೆಂಪು ಬಣ್ಣದ ಹಳೇ ಗ್ರಂಥಾಲಯ. ನಮ್ಮವ್ವ ಹುಲ್ಲಿನ ಮೇಲೆ ಸೆರಗು ಹಾಸಿ ಅರ್ಧ ತಾಸು ನಿದ್ದೆ ಮಾಡಿದಳು. ನನಗೆ ಮುಜುಗರ ಆಯ್ತು, ಯಾರಾದರೂ ಏನಾದರೂ ಅಂದ್ಕೋತಾರ ಅಂತ. ಆಮೇಲೆ ಓದಿದೆ: ಬೆಂಗಳೂರಿನದೇ ‘ಬ್ಲಾಂಕ್ ನಾಯ್ಸ್’ ಅನ್ನೋ ಗುಂಪು ಹೆಣ್ಮಕ್ಕಳನ್ನ ಸೇರಿಸಿ ಪಾರ್ಕಿನಲ್ಲಿ ಸುಮ್ಮನೆ ಮಲಗೋ ಕಾರ್ಯಕ್ರಮ ಮಾಡ್ತದಂತ. ಸಾರ್ವಜನಿಕ ಜಾಗದಲ್ಲಿ ಹೆಣ್ಣಿಗೆ ಭಯ ಇಲ್ಲದೆ ಕಣ್ಣು ಮುಚ್ಚೋ ಹಕ್ಕು ಇರಬೇಕು ಅನ್ನೋದು ಅವರ ವಾದ. ಹೊಲದ ಬದುವಿನ ಮೇಲೆ ದಿನಾ ಮಲಗೋ ನಮ್ಮವ್ವಗೆ ಇದೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಮಾತ್ರ, ಹೊತ್ತು ಮುಳುಗಿದ ಮೇಲೆ ಕಬ್ಬನ್ ಪಾರ್ಕ್ ಒಳಗೆ ಇರಬೇಡಿ. ಮರದ ಕೆಳಗೆ ಬೇಗ ಕತ್ತಲಾಗ್ತದೆ, ಜನ ಖಾಲಿ ಆಗ್ತಾರೆ. ಆರು ಗಂಟೆಗೆ ಎದ್ದು ವಿಧಾನಸೌಧದ ಮುಂದಿನ ಫುಟ್‌ಪಾತಿಗೆ ಬನ್ನಿ. ಭಾನುವಾರ, ರಜಾ ದಿನ ಸಂಜೆ ಅಲ್ಲಿ ದೀಪದ ಅಲಂಕಾರ ಇರ್ತದೆ. ಫೋಟೋ ತೆಗೆಸಿಕೊಳ್ಳೋರು, ಮಕ್ಕಳು ಮರಿ ಎಲ್ಲ ಸೇರಿರ್ತಾರೆ. ಎದುರಿಗೇ ಹೈಕೋರ್ಟಿನ ಕೆಂಪು ಕಟ್ಟಡ.

ಇನ್ನು ಮಲ್ಲೇಶ್ವರ. ಈ ಹೆಸರು ನರಗುಂದದವರಿಗೆ ಹೊಸದಲ್ಲ. 2017ರ ಡಿಸೆಂಬರಿನಲ್ಲಿ ಮಹದಾಯಿ ನೀರಿಗಾಗಿ ನಮ್ಮ ಭಾಗದ ರೈತರು, ರೈತ ಮಹಿಳೆಯರು ಅಲ್ಲೇ ರಸ್ತೆ ಬದಿ, ಚಳಿಯೊಳಗೆ ರಾತ್ರಿಗಳನ್ನ ಕಳೆದಿದ್ದರು. ಧರಣಿಗೆ ಅಂತ ಹೋದರೆ ಫುಟ್‌ಪಾತಿನ ಮೇಲೆ ಮಲಗಿದರೂ ಊರವರು ಏನೂ ಅನ್ನಲ್ಲ, ಫ್ರೀಡಂ ಪಾರ್ಕಿನ ಧರಣಿಗೆ ಹೋಗುವ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೂ ಇದು ಗೊತ್ತು. ಬೇಸರ ಕಳೆಯೋಕೆ ಒಂದು ತಾಸು ಅಡ್ಡಾಡಿದರೆ ಮಾತ್ರ ‘ಯಾಕ ಬೇಕಿತ್ತವಾ’ ಅಂತಾರ.

ಅದೇ ಮಲ್ಲೇಶ್ವರ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ಒಂದೇ ಸ್ಟೇಷನ್. ಮಂತ್ರಿ ಸ್ಕ್ವೇರ್ ಸಂಪಿಗೆ ರೋಡ್ ಅಂತ ಇಳಿದು, ಸಂಪಿಗೆ ರಸ್ತೆ ಹಿಡಿದು ಎಂಟನೇ ಕ್ರಾಸ್ ತನಕ ನಡೀಬಹುದು. ಹೂವು, ಬಳೆ, ಅರಿಷಿಣ ಕುಂಕುಮ, ರವಿಕೆ ಬಟ್ಟೆ, ತರಕಾರಿ, ಎಲ್ಲ ಬೀದಿಯಲ್ಲೇ. ಮಾರೋರಲ್ಲೂ ಹೆಣ್ಮಕ್ಕಳು, ಕೊಳ್ಳೋರಲ್ಲೂ ಹೆಣ್ಮಕ್ಕಳು. ನಮ್ಮ ಗಜೇಂದ್ರಗಡದ ಸಂತಿ ಇದ್ದಂಗನ, ಸ್ವಲ್ಪ ರೇಟ್ ಜಾಸ್ತಿ. ಮೊದಲ ಸಲ ಹೋಗೋರಿಗೆ ನಾನು ಹೇಳೋದು ಇದನ್ನೇ, ಯಾಕಂದ್ರೆ ಬೇಡ ಅನಿಸಿದರೆ ಸ್ವಲ್ಪ ಹೊತ್ತಿನಲ್ಲೇ ವಾಪಸ್ ಬರಬಹುದು.

ಜಾಗ ಆರಿಸೋಕೆ ನನ್ನ ಅಳತೆ ಒಂದೇ. ಅಲ್ಲಿ ಹೂವು ಮಾರೋ ಹೆಂಗಸರು, ಮಕ್ಕಳನ್ನ ಎತ್ತಿಕೊಂಡವರು, ವಯಸ್ಸಾದವರು ಇದಾರಾ ನೋಡ್ತೀನಿ. ಇದ್ದರೆ ನಿಲ್ತೀನಿ. ಬರೀ ಗಂಡಸರೇ ಗುಂಪು ನಿಂತಿದ್ದರೆ ಎಷ್ಟೇ ಬೆಳಕಿದ್ದರೂ ಮುಂದೆ ನಡೀತೀನಿ. ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಉಳಿದ ದಿನ ಸಂಜೆ ಚೆನ್ನಾಗಿರ್ತದೆ. ಆದರೆ ಡಿಸೆಂಬರ್ 31ರ ರಾತ್ರಿ ಬೇಡ. 2017ರ ಹೊಸ ವರ್ಷದ ಹಿಂದಿನ ರಾತ್ರಿ ಅಲ್ಲಿ ಹೆಣ್ಮಕ್ಕಳ ಮೇಲೆ ಗುಂಪು ಬಿದ್ದದ್ದು ದೇಶಕ್ಕೇ ಗೊತ್ತು. ಅವತ್ತೂ ಪೊಲೀಸರಿದ್ದರು, ಬೆಳಕಿತ್ತು.

ಲಾಲ್‌ಬಾಗ್ ನೋಡಬೇಕು ಅನ್ನೋರು ನಾಲ್ಕರೊಳಗೆ ಹೋಗಿ, ಸಂಜೆ 7ಕ್ಕೆ ಮುಚ್ಚುತ್ತಾರೆ. ಟಿಕೆಟ್ ಇದೆ. ಹಸಿರು ಮಾರ್ಗದಲ್ಲಿ ಅದರ ಹೆಸರಿನದೇ ಸ್ಟೇಷನ್. ಅದಕ್ಕೂ ಒಂದು ಸ್ಟೇಷನ್ ಮೊದಲು ನ್ಯಾಷನಲ್ ಕಾಲೇಜ್. ಅಲ್ಲಿಂದ ನಡೆದರೆ ವಿ.ವಿ. ಪುರಂನ ತಿಂಡಿ ಬೀದಿ. ಸಂಜೆಗೇ ಅಲ್ಲಿ ಜೀವ ಬರೋದು. ಬಿಸಿ ಹೋಳಿಗೆ, ದೋಸೆ, ಪಡ್ಡು. ಖಡಕ್ ರೊಟ್ಟಿ ಹುಡುಕಬೇಡಿ. ಕಾರ್ತಿಕ ಮಾಸದ ಕೊನೇ ಸೋಮವಾರದ ಆಸುಪಾಸು ಹೋದರೆ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಪರಿಷೆ ಸಿಗ್ತದೆ. ಶೇಂಗಾ ಬೆಳೆಯೋ ನಾವು ಅಲ್ಲಿ ದುಡ್ಡು ಕೊಟ್ಟು ಶೇಂಗಾ ತಿನ್ನೋದು ತಮಾಷೆನೇ, ಆದರೂ ಬೀದಿ ತುಂಬ ರಾಶಿ ನೋಡೋಕೆ ಚೆಂದ.

ಪರೀಕ್ಷೆಗೆ ಹೋದ ಹುಡುಗಿಯರಿಗೆ ಮೆಜೆಸ್ಟಿಕ್ ಹತ್ತಿರವೇ ಗಾಂಧಿನಗರದಲ್ಲಿ ಸಪ್ನ ಬುಕ್ ಹೌಸ್ ಇದೆ. ಒಳಗೆ ಹೋಗಿ ಪುಸ್ತಕ ತಿರುವಿ ಹಾಕ್ತಾ ಎರಡು ತಾಸು ಕಳೆದರೂ ಗೊತ್ತಾಗಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟ ನಾನೇ ಅಲ್ಲಿ ಹೊತ್ತು ಮರೆತೀನಿ.

ರಾತ್ರಿ ಉಳಿಯೋರು, ಅಂದ್ರೆ ಅಕ್ಕನ ಮನೆನೋ ಗೆಳತಿಯ ಪಿಜಿನೋ ಇರೋರು, ಒಂದು ನಾಟಕ ನೋಡಿ ಬನ್ನಿ. ಜೆ.ಪಿ. ನಗರದ ರಂಗಶಂಕರ ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ್ದು, 2004ರಲ್ಲಿ ಶುರುವಾಯ್ತು. ಶುರುವಾದ ಮೇಲೆ ಹೋದರೆ ಒಳಗೆ ಬಿಡಲ್ಲ, ಎಷ್ಟೇ ಬೇಡಿಕೊಂಡರೂ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲೂ ಕನ್ನಡ ನಾಟಕ, ಸಂಗೀತ ನಡೀತಿರ್ತವೆ. ಜಾತ್ರೆಯಲ್ಲಿ ಕಂಪನಿ ನಾಟಕಕ್ಕೆ ನಮ್ಮ ಅಜ್ಜಿಯರು ಬೆಳತನಕ ಕೂತವರೇ. ಆದರೆ ಅವತ್ತೇ ಊರಿಗೆ ಬಸ್ ಹಿಡಿಯೋರು ಈ ಆಸೆ ಬಿಡಿ, ನಾಟಕ ಮುಗಿಯೋದ್ರೊಳಗೆ ಬಸ್ ತುಮಕೂರು ದಾರಿ ಹಿಡಿದಿರ್ತದೆ.

ತಿರುಗಾಡುವಾಗ ಬಿಎಂಟಿಸಿಯ ಸಾಮಾನ್ಯ ಬಸ್ಸೂ ಶಕ್ತಿಯಲ್ಲಿ ಫ್ರೀ ಅನ್ನೋದು ನೆನಪಿರಲಿ. ಆಟೋ ಹತ್ತಿದರೆ ನಂಬರಿನ ಫೋಟೋ ತೆಗೆದು ಮನೆಯವರಿಗೆ ವಾಟ್ಸಾಪ್ ಮಾಡಿ, ಲೈವ್ ಲೊಕೇಶನ್ ಹಾಕಿ. ಚಾಲಕನಿಗೆ ಕಾಣುವಂಗ ಮಾಡಿದರೆ ಇನ್ನೂ ಒಳ್ಳೇದು. ಯಾರಾದರೂ ಹಿಂದೆ ಬಿದ್ದರೆ ಅಂಗಡಿಯೊಳಗೋ ಮೆಟ್ರೋ ಸ್ಟೇಷನ್ನಿಗೋ ನುಗ್ಗಿ 112ಕ್ಕೆ ಫೋನ್ ಮಾಡಿ. ಎಲ್ಲಿದೀರಿ ಅಂತ ಕೇಳಿದಾಗ ಹೇಳೋಕೆ ಹತ್ತಿರದ ಅಂಗಡಿ ಬೋರ್ಡಿನ ಹೆಸರು ಓದಿ. ಮಹಿಳಾ ಸಹಾಯವಾಣಿ 181. ಫೋನ್ ಚಾರ್ಜ್ ಮಾತ್ರ ಮಧ್ಯಾಹ್ನವೇ ಫುಲ್ ಮಾಡ್ಕೊಳ್ಳಿ, ಆಸ್ಪತ್ರೆಯಲ್ಲಿ ಕಾಯುವಾಗ ರೀಲ್ಸ್ ನೋಡಿ ಖಾಲಿ ಮಾಡಬೇಡಿ.

ಬಸ್ ಹೊರಡೋ ಒಂದು ತಾಸು ಮೊದಲು ಮೆಜೆಸ್ಟಿಕ್‌ನಲ್ಲಿರಿ. ಸಂಜೆ ಆರರಿಂದ ಒಂಬತ್ತರವರೆಗೆ ರಸ್ತೆಯ ಮೇಲೆ ಟ್ರಾಫಿಕ್ಕು ನಂಬೋ ಹಂಗಿಲ್ಲ, ಮಳೆ ಬಂದರೆ ಮುಗೀತು. ವಾಪಸ್ ಬರೋಕೆ ಮೆಟ್ರೋನೇ ಗಟ್ಟಿ. ಶಕ್ತಿ ಟಿಕೆಟ್ ನಡೆಯೋದು ಸಾಮಾನ್ಯ, ವೇಗದೂತ ಬಸ್ಸಿಗೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ದುಡ್ಡು ಕೊಡಲೇಬೇಕು.

ಬೆಂಗಳೂರು ದೂರ ಆಯ್ತು ಅನ್ನೋ ನರಗುಂದದವರಿಗೆ ಹುಬ್ಬಳ್ಳಿ ಇದೆ. ಇಂದಿರಾ ಗಾಜಿನ ಮನೆ, ಉಣಕಲ್ ಕೆರೆ ದಂಡೆ ಎರಡೂ ಕಡೆ ಸಂಜೆ ಹೆಣ್ಮಕ್ಕಳು ಮಕ್ಕಳು ತುಂಬಿರ್ತಾರೆ. ಚಿಗರಿ ಎಸಿ ಬಸ್ಸು, ಅದರಲ್ಲಿ ಟಿಕೆಟ್ ತಗೀಬೇಕು. ಕೆರೆ ಕಡೆ ಹೋಗೋ ಮೊದಲು ಬಸ್ ನಿಲ್ದಾಣದ ಕಂಟ್ರೋಲರ್ ಹತ್ರ ನರಗುಂದದ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿ, ಅದರ ಹಿಂದಿನ ಬಸ್ಸಿಗೆ ಲೆಕ್ಕ ಹಾಕ್ಕೊಂಡು ಹೊರಡಿ.