ಕಲಿತದ್ದು ಕೈಗೆ ಬಂತೇ?

ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಕೊಡಗಿನ ತೋಟಗಳಲ್ಲಿ ಕರಿಮೆಣಸಿನ ಕುಯ್ಲು ಶುರುವಾಗುತ್ತದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಚೀಲ ಕಟ್ಟಿಕೊಂಡು ಹತ್ತುವ ಕೆಲಸ. ಏಣಿ ಜಾರಿದರೆ ಬೆನ್ನುಮೂಳೆಗೆ ಪೆಟ್ಟು. ಅಲ್ಯೂಮಿನಿಯಂ ಏಣಿ ಕರೆಂಟು ತಂತಿಗೆ ತಾಗಿದರೆ ಶಾಕಿನ ಜೊತೆಗೆ ಬಿದ್ದ ಏಟೂ ಸೇರುತ್ತದೆ. ಮರ ಕಪಾತಿನಲ್ಲೂ ಇದೇ ಅಪಾಯ. ಇನ್ನು ಕಾಡಾನೆ ದಾಳಿ, ಘಾಟಿ ತಿರುವಿನ ಅಪಘಾತ, 2018ರ ಆಗಸ್ಟಿನಲ್ಲಿ ಕಂಡಂಥ ಭೂಕುಸಿತ ಬೇರೆ.

ಗಾಯಗೊಂಡವರನ್ನು ತೋಟದ ಜೀಪಿನಲ್ಲೋ 108 ಆಂಬುಲೆನ್ಸಿನಲ್ಲೋ ಮೊದಲು ಒಯ್ಯುವುದು ಹತ್ತಿರದ ಆಸ್ಪತ್ರೆಗೆ. ಆ ಹೊತ್ತಿಗೆ ಡ್ಯೂಟಿಯಲ್ಲಿರುವ ವೈದ್ಯರು ಶಸ್ತ್ರಚಿಕಿತ್ಸಕರೇ ಆಗಿರಬೇಕೆಂದಿಲ್ಲ. ಅಂಥವರಿಗಾಗಿಯೇ ಎರಡು-ಮೂರು ದಿನಗಳ ಅಪಘಾತ ಚಿಕಿತ್ಸಾ ತರಬೇತಿಗಳಿವೆ. ಆ ತರಬೇತಿ ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ?

ವಿಮಾನ ಬಿದ್ದ ರಾತ್ರಿ

1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ತಜ್ಞ ಜೇಮ್ಸ್ ಸ್ಟೈನರ್ ಓಡಿಸುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳು ಗಾಯಗೊಂಡರು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ಕಂಡು ಸ್ಟೈನರ್ ಬೇಸತ್ತರು. ಅಲ್ಲಿನವರಿಗೆ ಗಾಯಾಳುವನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ಯಾರೂ ಕಲಿಸಿರಲಿಲ್ಲ. ಅದನ್ನು ಕಲಿಸಲೆಂದೇ 1978ರಲ್ಲಿ ಮೊದಲ ತರಬೇತಿ ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರ ಕಾಲೇಜು ಅದನ್ನು ತನ್ನದಾಗಿಸಿಕೊಂಡಿತು. ಅದೇ ಎಟಿಎಲ್‌ಎಸ್ (ಅಡ್ವಾನ್ಸ್ಡ್ ಟ್ರಾಮಾ ಲೈಫ್ ಸಪೋರ್ಟ್). ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ರಕ್ತಸ್ರಾವ, ಮಿದುಳಿನ ಎಚ್ಚರ, ಕೊನೆಗೆ ಬಟ್ಟೆ ಸರಿಸಿ ಇಡೀ ಮೈ ಪರೀಕ್ಷೆ ಎಂಬುದು ಅದರ ಕ್ರಮ. ಸಲಕರಣೆ ಕಡಿಮೆಯಿರುವ ಆಸ್ಪತ್ರೆಗಳಿಗೆಂದು ಪ್ರೈಮರಿ ಟ್ರಾಮಾ ಕೇರ್ ಎಂಬ ಸರಳ ತರಬೇತಿ 1997ರಲ್ಲಿ ಫಿಜಿಯಲ್ಲಿ ಆರಂಭವಾಯಿತು.

ನಾಲ್ಕು ಮೆಟ್ಟಿಲು

ಯಾವುದೇ ತರಬೇತಿಯನ್ನು ನಾಲ್ಕು ಮೆಟ್ಟಿಲಲ್ಲಿ ಅಳೆಯಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದರು. ಕಲಿತವರಿಗೆ ಮೆಚ್ಚಿಕೆಯಾಯಿತೇ? ತಿಳಿವಳಿಕೆ ಹೆಚ್ಚಿತೇ? ಕೆಲಸದ ಜಾಗದಲ್ಲಿ ನಡವಳಿಕೆ ಬದಲಾಯಿತೇ? ಕೊನೆಗೆ ಫಲ ಸಿಕ್ಕಿತೇ?

ಬಹಳಷ್ಟು ಕಡೆ ಅಳತೆ ಎರಡನೆಯ ಮೆಟ್ಟಿಲಲ್ಲೇ ನಿಲ್ಲುತ್ತದೆ. ಮೊದಲ ದಿನ ಒಂದು ಪ್ರಶ್ನೆಪತ್ರಿಕೆ, ಕೊನೆಯ ದಿನ ಇನ್ನೊಂದು. ಅಂಕ ಏರಿದರೆ ಪ್ರಮಾಣಪತ್ರ. ಆದರೆ ಕಲಿತದ್ದು ಆರು ತಿಂಗಳೊಳಗೇ ಮಸುಕಾಗತೊಡಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಎದೆಗೆ ನಳಿಕೆ ಹಾಕುವ ಸಂದರ್ಭ ವರ್ಷಕ್ಕೊಮ್ಮೆ ಬರುವ ಕಡೆ ಕೈ ಬೇಗ ಮರೆಯುತ್ತದೆ.

ನಾಲ್ಕನೆಯ ಮೆಟ್ಟಿಲು ಇನ್ನೂ ಕಷ್ಟದ್ದು. ಟ್ರಿನಿಡಾಡ್‌ನಲ್ಲಿ ಜಮೀಲ್ ಅಲಿ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರವಾಗಿ ಗಾಯಗೊಂಡವರ ಸಾವಿನ ಪ್ರಮಾಣ ಎಟಿಎಲ್‌ಎಸ್ ತರಬೇತಿಯ ಮೊದಲು ಶೇ. 67.5 ಇದ್ದದ್ದು ಬಳಿಕ ಶೇ. 33.5ಕ್ಕೆ ಇಳಿದಿತ್ತು. ಇದು ಮೊದಲು-ಆಮೇಲೆ ಎಂಬ ಹೋಲಿಕೆ. ನಡುವೆ ಬೇರೇನೂ ಬದಲಾಗಲಿಲ್ಲವೆಂದು ಹೇಳುವಂತಿಲ್ಲ. ಇತ್ತ ಕೊಕ್ರೇನ್ ಸಂಸ್ಥೆಯ 2014ರ ಸಮೀಕ್ಷೆಗೆ, ಇಂಥ ತರಬೇತಿಯಿಂದ ಜೀವ ಉಳಿಯುತ್ತದೆಂದು ತೋರಿಸುವ ನಿಯಂತ್ರಿತ ಪ್ರಯೋಗ ಒಂದೂ ಸಿಗಲಿಲ್ಲ. ಪುರಾವೆ ಇಲ್ಲವೆಂದರೆ ತರಬೇತಿ ವ್ಯರ್ಥವೆಂದಲ್ಲ, ಸರಿಯಾಗಿ ಅಳೆದಿಲ್ಲವೆಂದರ್ಥ.

ಕೊಡಗಿಗೆ ತಕ್ಕ ಅಳತೆ

ಸಣ್ಣ ಆಸ್ಪತ್ರೆಯಲ್ಲಿ ಸಾವುಗಳನ್ನು ಎಣಿಸಿ ತೀರ್ಮಾನಕ್ಕೆ ಬರಲಾಗದು. ಸಂಖ್ಯೆ ಕಡಿಮೆ, ಒಂದು ಬಸ್ ಅಪಘಾತವಾದರೆ ವರ್ಷದ ಲೆಕ್ಕವೇ ತಲೆಕೆಳಗು. ಇನ್ನೊಂದು ವಿಚಿತ್ರವೂ ಇದೆ. ಆಂಬುಲೆನ್ಸ್ ಸೇವೆ ಸುಧಾರಿಸಿದರೆ ಮೊದಲು ರಸ್ತೆಯಲ್ಲೇ ಸಾಯುತ್ತಿದ್ದವರು ಆಸ್ಪತ್ರೆಯವರೆಗೆ ಬರುತ್ತಾರೆ, ಅಲ್ಲಿನ ಸಾವಿನ ಲೆಕ್ಕ ಏರಿದಂತೆ ಕಾಣುತ್ತದೆ.

ಹಾಗಾಗಿ ಇಲ್ಲಿ ಮೂರನೆಯ ಮೆಟ್ಟಿಲು ಮುಖ್ಯ. 2016ರಲ್ಲಿ ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ಮಿದುಳಿಗೆ ಭಾರಿ ಪೆಟ್ಟಾದವರನ್ನು ಮೈಸೂರಿಗೋ ಮಂಗಳೂರಿಗೋ ಒಯ್ಯುವುದು ಜಿಲ್ಲೆಯ ಜನರಿಗೆ ಹೊಸತಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಗಾಯಾಳು ಆ ದಾರಿ ತಡೆದುಕೊಳ್ಳುವಂತೆ ಸಿದ್ಧಮಾಡಿ ಕಳಿಸುವುದೇ ಇಲ್ಲಿನ ವೈದ್ಯರ ದೊಡ್ಡ ಕೆಲಸ. ಅದರ ಗುರುತು ಉಳಿಯುವುದು ರೆಫರಲ್ ಚೀಟಿಯಲ್ಲಿ.

ಆ ಚೀಟಿಗೆ ಕೇಳಬೇಕಾದ ಪ್ರಶ್ನೆಗಳು ಸರಳ. ಉಸಿರಾಟದ ವೇಗ, ಬಿಪಿ ಬರೆದಿದೆಯೇ? ಕಣ್ಣು, ಮಾತು, ಕೈಕಾಲಿನ ಚಲನೆ ನೋಡಿ 15ಕ್ಕೆ ಅಂಕ ಕೊಡುವ ಗ್ಲಾಸ್ಗೋ ಅಳತೆ ಇದೆಯೇ? ಅಂಕ 8 ಅಥವಾ ಕಡಿಮೆಯಿದ್ದರೆ ಉಸಿರಿನ ದಾರಿ ಭದ್ರಪಡಿಸಿದರೇ? ರಕ್ತಸ್ರಾವವಿದ್ದಾಗ ಟ್ರಾನೆಕ್ಸಾಮಿಕ್ ಆಮ್ಲವನ್ನು ಗಾಯವಾದ 3 ಗಂಟೆಯೊಳಗೆ ಕೊಟ್ಟರೇ? (20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗದಿಂದ ಇದರ ಬೆಲೆ ಗೊತ್ತಾಯಿತು.) ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದರೇ?

ಇದರ ಜೊತೆಗೆ ಎರಡು ಲೆಕ್ಕ ಬೇಕು. ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ವರ್ಗವಾಗದೆ ಕ್ಯಾಶುವಲ್ಟಿಯಲ್ಲೇ ಉಳಿದಿದ್ದಾರೆ? ಅವರು ಬಳಸಲು ಕಲಿತ ಸಲಕರಣೆ ಆಸ್ಪತ್ರೆಯಲ್ಲಿದೆಯೇ? ಸಕ್ಷನ್ ಯಂತ್ರ ಕೆಟ್ಟು ಕೂತಿದ್ದರೆ ದೂರಬೇಕಾದದ್ದು ವೈದ್ಯರ ಕೈಯನ್ನಲ್ಲ.

ಇದಕ್ಕೆ ಕಂಪ್ಯೂಟರಾಗಲಿ ಅನುದಾನವಾಗಲಿ ಬೇಕಿಲ್ಲ. ತರಬೇತಿಗೆ ಮುಂಚಿನ 30 ಚೀಟಿ, ಆರು ತಿಂಗಳ ನಂತರದ 30 ಚೀಟಿ ತೆಗೆದು, ಹೆಸರು ಮರೆಮಾಡಿ, ಆ ಆಸ್ಪತ್ರೆಯವರಲ್ಲದ ಇಬ್ಬರು ವೈದ್ಯರಿಂದ ಓದಿಸಿದರೆ ಸಾಕು. ಮುಂದಿನ ತರಬೇತಿಗೆ ದಿನಾಂಕ ಗೊತ್ತುಮಾಡುವ ಮೊದಲು ಆ 60 ಚೀಟಿಗಳನ್ನು ಓದಿಸಿ.